ಮಧ್ಯಾಹ್ನದ ನೀರು

ಮಂತ್ರ ಹೇಳಲೆಂದು ಏಕಾಂತಯ್ಯನವರು ಕೊಟ್ರಪ್ಪನ ಬಲಗಿವಿಯತ್ತ ಬಾಗಿದ್ದೇ ತಡ, ಅವನ ಹೆಂಡತಿ ಜಯದೇವಿ ಅಡ್ಡ ಕೈ ಇಟ್ಟಳು.

"ಅಯ್ನೋರೇ, ಆ ಕಿವಿ ಕೇಳ್ಸಲ್ಲ. ಎಡಗಿವೀಲಿ ಹೇಳಿ."

ಜಯನಗರದ ಆ ಪುಟ್ಟ ಮನೆಯಲ್ಲಿ ಕೊಟ್ರಪ್ಪನ ಶವಕ್ಕೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಒಬ್ಬ ರೇಡಿಯೋ ರಿಪೇರಿಯವನಿಗಾಗಿ ಇಷ್ಟು ಜನ ಬಂದಾರೆಂದು ಯಾರೂ ಎಣಿಸಿರಲಿಲ್ಲ.

"ಮಂತ್ರ ಬಲಗಿವೀಗೇ ತಾಯಿ. ಹಿಂದಿನಿಂದ ನಡ್ಕೊಂಡು ಬಂದಿದ್ದು," ಎಂದರು ಅಯ್ಯನವರು.

"ಕಡೇ ಮಾತು ಅವ್ರಿಗೆ ಕೇಳ್ಸದೇ ಹೋದ್ರೆ ನನ್ ಜೀವಕ್ಕೆ ಸಮಾಧಾನ ಇಲ್ಲ."

ಯುದ್ಧದಲ್ಲಿ ಕೊಟ್ರಪ್ಪನ ಜೊತೆ ಒಂದೇ ಹಡಗಿನಲ್ಲಿದ್ದ ವೆಂಕಟಾಚಲ ಮುಂದೆ ಬಂದ. "ಸ್ವಾಮಿ, ಆ ಕಿವಿ ಹೋಗಿದ್ದು ನಮ್ಮನ್ನ ಉಳ್ಸೋಕೆ."

*

ಹಡಗಿನಲ್ಲಿ ಕೊಟ್ರಪ್ಪನದು ಕೇಳುವ ಕೆಲಸ. ನೀರೊಳಗೆ ಸದ್ದು ಬಿಡಬೇಕು, ಅದು ಶತ್ರುವಿನ ಜಲಾಂತರ್ಗಾಮಿಗೆ ತಗುಲಿ ಹಿಂತಿರುಗುತ್ತದೆಯೇ ಎಂದು ಕಿವಿಗೊಡಬೇಕು. ಕರಾವಳಿಯ ಸಮುದ್ರ ಬೆಳಗಿನ ಹೊತ್ತು ಸರಿಯಾಗಿ ಉತ್ತರ ಕೊಡುತ್ತದೆ. ಬಿಸಿಲೇರಿದರೆ ಮೇಲಿನ ನೀರು ಕಾಯುತ್ತದೆ. ಸದ್ದು ಕೆಳಗಿನ ತಣ್ಣೀರಿನತ್ತ ಬಾಗಿ ತಳ ಸೇರಿಬಿಡುತ್ತದೆ.

ಅಂಥದೊಂದು ಮಧ್ಯಾಹ್ನ ಏನೂ ಕೇಳಿಸಲಿಲ್ಲ. ಎಲ್ಲರೂ ನಿರಾಳವಾಗಿ ಉಸಿರುಬಿಟ್ಟರು.

"ಸದ್ದಿಲ್ಲ ಅಂದ್ರೆ ಯಾರೂ ಇಲ್ಲ ಅಂತಲ್ಲ. ಇದು ಮಧ್ಯಾಹ್ನದ ನೀರು," ಎಂದು ಕೊಟ್ರಪ್ಪ ಹಟ ಹಿಡಿದ. ಹಡಗು ದಿಕ್ಕು ಬದಲಿಸಿತು. ಅದು ಬಿಟ್ಟ ದಾರಿಯಲ್ಲೇ ಟಾರ್ಪೆಡೊ ಸಿಡಿಯಿತು. ಹಡಗಿನವರೆಲ್ಲ ಉಳಿದರು, ಆ ಸದ್ದಿಗೆ ಅವನ ಬಲಗಿವಿ ಉಳಿಯಲಿಲ್ಲ.

ಆ ಬುದ್ಧಿ ಸಂಸಾರಕ್ಕೂ ಬಂತು. ಜಯದೇವಿ ಮುನಿಸಿಕೊಂಡು ಮಾತು ಬಿಟ್ಟರೆ, "ಮಧ್ಯಾಹ್ನದ ನೀರು" ಎಂದು ನಕ್ಕು ಅಂಗಡಿಗೆ ಹೋಗುತ್ತಿದ್ದ. ಸಂಜೆ ಬಂದು, ಎಡಗಿವಿಯನ್ನು ಅವಳತ್ತ ತಿರುಗಿಸಿ, ಇನ್ನೊಮ್ಮೆ ಮಾತಾಡಿಸುತ್ತಿದ್ದ. ಇಂಥವನು ಸಿಕ್ಕಿದ್ದು ತನ್ನ ಪುಣ್ಯವೆಂದು ಅವಳಿಗೆ ಎಷ್ಟೋ ಸಲ ಅನ್ನಿಸಿದೆ. ಬಾಯಿಬಿಟ್ಟು ಹೇಳಿದ್ದು ಮಾತ್ರ ಇಲ್ಲ.

*

"ಕೇಳೋ ಕಿವಿಗೇ ಹೇಳೋಣ ಬಿಡಿ ತಾಯಿ," ಎಂದು ಏಕಾಂತಯ್ಯನವರು ಎದ್ದು ಎಡಕ್ಕೆ ಬಂದು ಕೂತರು. ಎಡಗಿವಿಯ ಮೇಲಿಳಿದಿದ್ದ ಹೂಮಾಲೆಯನ್ನು ವೆಂಕಟಾಚಲ ಪಕ್ಕಕ್ಕೆ ಸರಿಸಿದ.

ಮಂತ್ರ ಮುಗಿದ ಮೇಲೆ ಜಯದೇವಿ ಬಾಗಿ ಅದೇ ಕಿವಿಯಲ್ಲಿ ಏನೋ ಹೇಳಿದಳು.

"ಹೊರಡೋಣ್ವಾ ಅಮ್ಮ? ಬನಶಂಕರಿ ಕಡೆ ರುದ್ರಭೂಮೀಲಿ ಗುಂಡಿ ರೆಡಿ ಆಗಿದೆಯಂತೆ," ಎಂದ ವೆಂಕಟಾಚಲ.

ಅವಳು ಅಂಗಳದತ್ತ ನೋಡಿದಳು. ನೆತ್ತಿ ಸುಡುವ ಬಿಸಿಲು.

"ಸ್ವಲ್ಪ ಬಿಸಿಲು ಇಳೀಲಿ ಅಣ್ಣ. ಇನ್ನೊಂದ್ಸಲ ಹೇಳ್ಬೇಕು," ಎಂದು ಅವಳು ಗಂಡನ ಎಡಕ್ಕೇ ಸರಿದು ಕೂತಳು.