ನೂರರಲ್ಲಿ ಒಂದು ಹೆಸರು

ಜೂನಿನ ಮಿರುಗದ ಮಳೆ ಅಂದು ಬೆಳಿಗ್ಗೆ ಬರಲೋ ಬೇಡವೋ ಎಂದು ಪುಣೆಯ ಸದಾಶಿವ ಪೇಠದ ಹಂಚುಗಳ ಮೇಲೆ ನಿಂತೇ ಇತ್ತು. ನಡುವೆ ನಾಲ್ಕು ಹನಿ ಉದುರಿಸಿ, ನಾಲ್ಕಾರು ಬಿಡಾರಗಳ ವಾಡೆಯ ಅಂಗಳದ ಕಲ್ಲು ಪೂರ್ತಿ ನೆನೆಯುವ ಮುಂಚೆಯೇ ಕೈ ತಡೆದು, ಮತ್ತೆ ಮೋಡ ಹೊದ್ದು ಕೂತಿತು. ಗಾಳಿಯ ಸುಳಿವಿಲ್ಲ. ಬಾವಿಕಟ್ಟೆಯ ತುಳಸಿಯಲ್ಲಿ ಒಂದು ಎಲೆಯೂ ಅಲುಗಲಿಲ್ಲ. ಇಂಥ ಮಬ್ಬು ಬೆಳಕು ಕಣ್ಣಿಗೆ ತಂಪು ಅನ್ನುತ್ತಾರೆ. ಆದರೆ ಆ ತಂಪು ಬೆಳಕೂ ಗೋದಾಳ ಕಣ್ಣಿಗೆ ಚುಚ್ಚಿತು.

ಮರಳು ಬಿದ್ದ ಹಾಗೆ ಕರಕರ ಎನ್ನುತ್ತಿದ್ದದ್ದು ಇಂದಲ್ಲ ನಿನ್ನೆಯಲ್ಲ. ಧೂಳು ಅಂದುಕೊಂಡಿದ್ದಳು, ನಿದ್ದೆಗೆಟ್ಟದ್ದು ಅಂದುಕೊಂಡಿದ್ದಳು. ಇಂದು ಮಾತ್ರ ಹಾಗೆ ಅಂದುಕೊಂಡು ಏಳುವಂತಿರಲಿಲ್ಲ. ಕನ್ನಡಿ ಹಿಡಿದು ಕಿಟಕಿಗೆ ಬಂದಳು, ಬೆಂಕಿಕಡ್ಡಿಯ ಬೆನ್ನಿನಿಂದ ಮೇಲಿನ ರೆಪ್ಪೆ ಮಗುಚಿದಳು. ಬೇರೆಯವರ ರೆಪ್ಪೆಯನ್ನು ಹೀಗೆ ಸಾವಿರಾರು ಸಲ ಮಗುಚಿದ ಕೈ ಅದು, ತನ್ನದನ್ನು ಮಗುಚಿದ್ದು ಇದೇ ಮೊದಲು. ರೆಪ್ಪೆಯ ಒಳಮೈ ತುಂಬ ನೆನೆಸಿದ ಸಾಬೂದಾಣಿಯಂಥ ಕಾಳುಗಳು. ಪುಣೆಯವರು ಖುಪ್ರಿ, ಡಾಕ್ಟರರು ಟ್ರಕೋಮಾ ಅನ್ನುವ ಕಣ್ಣುಬೇನೆ. ಒಬ್ಬರ ಕೈಯಿಂದ ಇನ್ನೊಬ್ಬರಿಗೆ, ಒಂದು ಟವೆಲಿನಿಂದ ಮನೆಮಂದಿಗೆಲ್ಲ ಹಬ್ಬುವಂಥದ್ದು.

"ವಿಠ್ಠಲಾ," ಎಂದಳು ಮೆಲ್ಲಗೆ. ಇವತ್ತೇ ನದಿಯಾಚೆಯ ಖಡಕಿಗೆ ಹೋಗಬೇಕಾಗಿತ್ತು, ಅಮೇರಿಕೆಗೆ ಹೋಗುವ ಪರವಾನಗಿಯ ಕಾಗದಕ್ಕೆ ಬೇಕಾದ ದೇಹಪರೀಕ್ಷೆಗೆ.

ಗೋದಾ ಕಣ್ಣಿನ ಡಾಕ್ಟರು. ಅಪ್ಪ ಧಾರವಾಡದಿಂದ ಕಾರಕೂನಿಕೆಗೆಂದು ಪುಣೆಗೆ ಬಂದವನು. ತಾಯಿ ಗೋದಾ ಹುಟ್ಟಿದ ಇನ್ಫ್ಲುಯೆಂಜಾ ವರ್ಷದಲ್ಲೇ ತೀರಿಕೊಂಡಿದ್ದಳು, ಮಗಳು ಓದು ಮುಗಿಸುವ ಹೊತ್ತಿಗೆ ಅಪ್ಪನೂ ಹೋದ. ಉಳಿದವಳು ಅಪ್ಪನ ಅಕ್ಕ, ಗಂಗೂಬಾಯಿ. ಹಸುಗೂಸನ್ನು ಎತ್ತಿಕೊಂಡ ದಿನದಿಂದ ಅತ್ಯಾನೂ ಅವಳೇ, ಅವ್ವನೂ ಅವಳೇ. ಗೋದಾ ಎಂಟರ ಹುಡುಗಿಯಾಗಿದ್ದಾಗ ಸಿಡುಬು ಬಂದು ಅತ್ಯಾನ ಎರಡೂ ಕಣ್ಣಿಗೆ ಹೂ ಬಿದ್ದಿತು. ಬೆಳಕು ಯಾವುದು, ನೆರಳು ಯಾವುದು ಅನ್ನುವಷ್ಟು ಉಳಿಯಿತು.

ಸತ್ತವರ ಕಣ್ಣಿನ ತಿಳಿಯಾದ ಮುಂಪೊರೆ ತೆಗೆದು, ಹೂ ಬಿದ್ದ ಕಣ್ಣಿಗೆ ಕೂಡಿಸಿ ಹೊಲಿಯುವ ವಿದ್ಯೆ ಅಮೇರಿಕೆಯ ಒಂದು ಆಸ್ಪತ್ರೆಯಲ್ಲಿದೆ ಎಂದು ಓದಿದಂದಿನಿಂದ ಗೋದಾಳಿಗೆ ಬೇರೆ ಧ್ಯಾನವಿರಲಿಲ್ಲ. ಬರೆದಳು, ಮತ್ತೆ ಬರೆದಳು. ಕೊನೆಗೆ ಆಸ್ಪತ್ರೆಯವರು ಬಾ ಅಂದರು. ಆದರೆ ಆಸ್ಪತ್ರೆಯವರು ಬಾ ಅಂದರೆ ಆ ದೇಶ ಬಾ ಅಂದಂತಲ್ಲ. ಹಿಂದೂಸ್ತಾನದವರಿಗೆ ಅಲ್ಲಿ ನೆಲೆ ನಿಲ್ಲಲು ಎಷ್ಟೋ ವರ್ಷ ಬಾಗಿಲೇ ಮುಚ್ಚಿತ್ತು. ಹೋದ ವರ್ಷ ಹೊಸ ಕಾಯಿದೆ ಬಂದು ತೆರೆಯಿತು, ವರ್ಷಕ್ಕೆ ನೂರೇ ಜನಕ್ಕೆ. ಕಾಲೇಜಿಗೆ ಹೋಗುವ ವಿದ್ಯಾರ್ಥಿಯ ದಾರಿ ಬೇರೆ ಇತ್ತು. ಆಸ್ಪತ್ರೆಯ ಅನ್ನ ಉಂಡು ದುಡಿಯುತ್ತ ಕಲಿಯುವ ಡಾಕ್ಟರಿಗೆ ಅದು ಸಲ್ಲದು, ನೂರರ ಸಾಲಿನಲ್ಲೇ ನಿಲ್ಲಬೇಕು ಎಂದರು ಮುಂಬಯಿಯ ಅಮೇರಿಕನ್ ಕಚೇರಿಯವರು. ನಿಂತಳು. ಚೈತ್ರ ಕಳೆದ ಮೇಲೆ ಅವಳ ಹೆಸರು ಬಂತು. ಜೂನ್ ಮುಗಿಯುವುದರೊಳಗೆ ಎಲ್ಲ ಕಾಗದ ಕೂಡಬೇಕು, ಇಲ್ಲದಿದ್ದರೆ ಮತ್ತೆ ಸಾಲಿನ ತುದಿ. ಅಷ್ಟು ಹೊತ್ತಿಗೆ ಆಸ್ಪತ್ರೆಯ ಜಾಗವೂ ಬೇರೆಯವರದು. ಕಾಯಿದೆಯಲ್ಲಿ ಇನ್ನೂ ಒಂದು ಮಾತಿತ್ತು: ಕಣ್ಣಿನಲ್ಲಿ ಈ ಬೇನೆ ಇದ್ದವರು ಆ ದೇಶದ ದಂಡೆ ಹತ್ತುವಂತಿಲ್ಲ.

"ಏನ ಗೋದಾ, ಕನ್ನಡಿ ಮುಂದ ಇಷ್ಟೊತ್ತು?" ಅಡಿಗೆಮನೆಯಿಂದ ಅತ್ಯಾ ಕೂಗಿದಳು. "ಖಡಕೀಗೆ ಪರೀಕ್ಷಾಕ್ಕ ಹೊಂಟೀಯೋ, ವರನ್ನ ನೋಡಲಿಕ್ಕೆ ಹೊಂಟೀಯೋ?"

"ಕಣ್ಣಾಗ ಕಸಾ ಬಿದ್ದದ ಅತ್ಯಾ. ಆದರ ಕನ್ನಡಿ ನಿನಗ ಹ್ಯಾಂಗ ಕಾಣಸ್ತು?"

"ಕಿಡಕಿ ಬೆಳಕಿಗೆ ಅಡ್ಡ ನಿಂತೀ, ಅಷ್ಟು ತಿಳೀತದ ನನಗ. ಬಾ ಇಲ್ಲೆ, ಊದತೀನಿ."

"ಬ್ಯಾಡ."

"ಬ್ಯಾಡಂತ! ದೊಡ್ಡ ಡಾಕ್ಟರಬಾಯಿ ಬಂದ್ಲು. ಸಣ್ಣಾಕಿದ್ದಾಗ ಊದು ಊದು ಅಂತ ನನ್ನ ಮಾರಿಗೆ ಮಾರಿ ಹಚ್ಚಿ ನಿಂದರತಿದ್ದಿ."

ಗೋದಾ ನಕ್ಕಳು, ನಗುವಾಗ ರೆಪ್ಪೆಯ ಒಳಗಿನ ಕಾಳು ಉಜ್ಜಿ ನೀರು ಬಂತು.

ಎಲ್ಲಿಂದ ಬಂತೆಂದು ಹುಡುಕಬೇಕಾಗಿರಲಿಲ್ಲ. ಅತ್ಯಾ ದೇವರ ಮುಂದೆ ಹರಳೆಣ್ಣೆಯ ದೀಪ ಹಚ್ಚುತ್ತಿದ್ದಳು. ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ, ಕೂತ ಮಸಿಗೆ ಬೆಣ್ಣೆ ಕಲಸಿ ಕಾಡಿಗೆ ಮಾಡುತ್ತಿದ್ದಳು. ಬೆಳಗಾದರೆ ವಾಡೆಯ ಮಕ್ಕಳೆಲ್ಲ ಸಾಲುಗಟ್ಟಿ ಅವಳ ಮುಂದೆ ಕೂರುತ್ತಿದ್ದವು. ಕಾಣದ ಅತ್ಯಾ ಬೆರಳಿನಿಂದಲೇ ಕಣ್ಣು ತಡವಿ, ಅದೇ ಬೆರಳಿನಿಂದ ಎಲ್ಲರಿಗೂ ತೀಡುತ್ತಿದ್ದಳು. ಹಿಂದಿನ ಕೋಣೆಯ ಬಾಡಿಗೆದಾರ ಬಾಳುವಿನ ಮಕ್ಕಳ ಕಣ್ಣು ಗೀಜು ಅಂಟಿ ತೆರೆಯುತ್ತಲೇ ಇರಲಿಲ್ಲ, ಅವಕ್ಕೂ ಅದೇ ಬೆರಳು. ಗೋದಾ ವರ್ಷಗಟ್ಟಲೆ ಹೇಳಿದ್ದಳು. ಮಕ್ಕಳಿಗೊಂದೊಂದು ಕಡ್ಡಿ ಕೊಟ್ಟು ನೋಡಿದ್ದಳು. "ಕಡ್ಡೀಗೆ ಏನ ಅಂತಃಕರಣ ಇರತದ?" ಎಂದು ಅತ್ಯಾ ಬೆರಳಿಗೇ ಮರಳುತ್ತಿದ್ದಳು.

ಮುಂಬಯಿಯಿಂದ ಹೆಸರು ಬಂದ ದಿನ ಅತ್ಯಾನ ಪಾಲಿಗೆ ಹಬ್ಬ. ಇಷ್ಟು ದೊಡ್ಡ ಸುದ್ದಿಗೆ ಊರ ದೃಷ್ಟಿ ತಾಗದೇ ಇರುತ್ತದೆಯೇ? ಬೆರಳಲ್ಲಿ ಕಾಡಿಗೆ ಹಿಡಿದು ಗೋಡೆ ತಡವುತ್ತ ಬಂದಳು. "ಹೊಂಟ ಕೂಸಿಗೆ ಹಾಂಗೇ ಕಳಸಬಾರದು. ಇದೊಮ್ಮೆ ಸುಮ್ಮನ ಕೂಡು." ಬೇಡ ಎನ್ನುವ ಮಾತು ಗೋದಾಳ ನಾಲಿಗೆಯ ತುದಿಗೆ ಬಂದಿತ್ತು. ಇನ್ನು ಎಷ್ಟು ವರ್ಷ ಈ ಬೆರಳು ತನ್ನ ಮುಖ ಮುಟ್ಟುವುದಿಲ್ಲವೋ ಎಂದು ನೆನೆದಳು. ಕಣ್ಣಿನ ಡಾಕ್ಟರು ಕಣ್ಣು ಮುಚ್ಚಿ ಕೂತಳು.

ಈಗ ಅತ್ಯಾ ಅವಲಕ್ಕಿಯ ತಾಟು ತಂದಿಟ್ಟು ಎದುರಿಗೇ ಕೂತಳು. "ಪಂಢರಪುರದ ಪಾಲಖಿ ಈಗ ಸಾಸವಡ ದಾಟಿರಬೇಕು ನೋಡು. ಈ ವರ್ಷ ನಾಲ್ಕು ಹೆಜ್ಜಿ ಸೈತ ನಡೀಲಿಲ್ಲ ನಾನು. ನೀ ಹೋಗೂತನಕ ನಿನ್ನ ಬಿಟ್ಟು ಎಲ್ಲೂ ಹೋಗಬಾರದು ಅನಿಸ್ತು. ವಿಠ್ಠಲಗ ಹೇಳೇನಿ, ಸಿಟ್ಟಾಗಬ್ಯಾಡಪ್ಪಾ ಅಂತ."

"ಕಲತು ಬಂದು ನಿನ್ನ ಕಣ್ಣಿನ ಪಟ್ಟಿ ಬಿಚ್ಚತೀನಲ್ಲ ಅತ್ಯಾ, ಅವಾಗ ಪಂಢರಪುರಕ್ಕ ಕರಕೊಂಡು ಹೋಗತೀನಿ. ಮೊದಲ ಅವನ್ನೇ ನೋಡೀಯಂತ."

"ಹುಚ್ಚಿ! ವಿಠ್ಠಲನ್ನ ಕಣ್ಣಿದ್ದಾಗ ಕಣ್ತುಂಬ ನೋಡೇನಿ. ಅವ ಅಂದು ಹ್ಯಾಂಗಿದ್ದನೋ ಇಂದೂ ಹಾಂಗೇ ಇದ್ದಾನ." ಅತ್ಯಾ ತಾಟನ್ನು ಅವಳತ್ತ ಸರಿಸಿದಳು. "ನಿನ್ನ ನೋಡಿಲ್ಲ ನಾನು. ನನ್ನ ಕಣ್ಣಾಗಿನ ಗೋದಾ ಇನ್ನೂ ಎರಡು ಜಡೀ ಹಾಕ್ಕೊಂಡು ಕುಂಟಬಿಲ್ಲೆ ಆಡ್ತಾಳ. ದೊಡ್ಡಾಕಿ ಆದಾಕಿ ಹ್ಯಾಂಗ ಕಾಣತಾಳೋ ಏನೋ."

ಗೋದಾ ಕೈಯಲ್ಲಿದ್ದ ತುತ್ತನ್ನು ತಾಟಿಗೇ ಇಟ್ಟಳು. ಟಾಂಗಾ ಬಂತೆಂದು ನೆಪ ಮಾಡಿ ಎದ್ದಳು.

ದಾರಿಯುದ್ದಕ್ಕೂ ಕುದುರೆಯ ಗೊರಸಿನ ಸದ್ದಿಗೆ ಮನಸ್ಸು ಲೆಕ್ಕ ಹಾಕುತ್ತಲೇ ಇತ್ತು. ಹಡಗಿನಲ್ಲಿ ವಾರಗಟ್ಟಲೆ ಸಮಯವಿದೆ. ಈ ಬೇನೆಗೆ ಕೊಡುವ ಸಲ್ಫಾ ಗುಳಿಗೆ ಪೆಟ್ಟಿಗೆಯಲ್ಲಿದೆ. ದಂಡೆ ಮುಟ್ಟುವ ಹೊತ್ತಿಗೆ ಅರ್ಧ ವಾಸಿಯಾದೀತು, ದೈವ ಒಲಿದರೆ ಪೂರ್ತಿ. ಅಲ್ಲಿ ಬಂದರಿನಲ್ಲಿ ಡಾಕ್ಟರೊಬ್ಬಳ ರೆಪ್ಪೆಯನ್ನು ಯಾರು ಮಗುಚಿ ನೋಡುತ್ತಾರೆ? ಬೀದಿಬೀದಿಯಲ್ಲಿ ದೇಶಕ್ಕೆ ಬರಲಿರುವ ಸ್ವಾತಂತ್ರ್ಯದ್ದೇ ಮಾತು, ಅಂಗಡಿ ಕಟ್ಟೆಗಳ ಮೇಲೆ ಜನ ಪತ್ರಿಕೆಯ ಸುತ್ತ ತಲೆ ಕೂಡಿಸಿ ನಿಂತಿದ್ದರು. ಗೋದಾ ಸೆರಗಿನಿಂದ ಕಣ್ಣೊತ್ತಿಕೊಂಡಳು. ನದಿ ದಾಟುವಷ್ಟರಲ್ಲಿ ಸೆರಗಿನ ತುದಿ ಒದ್ದೆಯಾಗಿತ್ತು.

ಖಡಕಿಯ ಡಾಕ್ಟರ್ ದೇವದಾಸ್ ಹಿಂದೆ ಫೌಜಿನಲ್ಲಿದ್ದವರು, ಹುಬ್ಬಳ್ಳಿಯ ಕ್ರೈಸ್ತ ಮನೆತನ. ಇಲ್ಲಿಯ ಪರೀಕ್ಷೆಗೆ ಮುಂಬಯಿಯವರು ಒಪ್ಪಿದ್ದು ಅವರ ರುಜುವನ್ನೇ.

"ಬರ್ರಿ ಬರ್ರಿ, ಡಾಕ್ಟರಬಾಯಿ! ಮುಂಜಾನಿಂದ ಮರಾಠಿ, ಹಿಂದಿ, ಇಂಗ್ಲಿಷು ಮಾತಾಡಿ ನಾಲಿಗಿ ಒಣಗೇದರಿ. ನೀವರೆ ನಮ್ಮ ಮಾತಾಡ್ರಿ ಒಂದೀಟು."

ಎದೆ ನೋಡಿದರು, ಬೆನ್ನು ತಟ್ಟಿದರು, ನಾಡಿ ಹಿಡಿದರು, ಹಲ್ಲು ನೋಡಿ ಚೇಷ್ಟೆ ಮಾಡಿದರು. ಬರೆಯುತ್ತ ಬರೆಯುತ್ತ ಕಣ್ಣಿನ ಸಾಲಿಗೆ ಬಂದಾಗ ಲೇಖನಿ ನಿಂತಿತು.

"ಕೆಂಪಾಗ್ಯಾವಲ್ಲರಿ?"

"ಟಾಂಗಾದ ಧೂಳಿ," ಎಂದಳು ಗೋದಾ. ಬಾಯಿಯಿಂದ ಬಿದ್ದ ಮೇಲೆ ಆ ಮಾತು ತನ್ನದೇ ಎಂದು ನಂಬಲಾಗಲಿಲ್ಲ.

"ಆಗಲಿಕ್ಕೇಬೇಕು." ದೇವದಾಸರು ನಕ್ಕರು. "ಖರೆ ಅಂದ್ರ ನಾ ರೆಪ್ಪಿ ಮಗಚಿ ನೋಡಬೇಕು. ಆದರ ನಮ್ಮವ್ವನ ಕಣ್ಣಿನ ಪೊರಿ, ಮೋತಿಬಿಂದು ತಗದಾಕಿ ನೀವು, ಒಂದು ಆಣೆ ಮುಟ್ಟಲಿಲ್ಲ. ನಿಮ್ಮ ಕಣ್ಣು ನಾ ಮಗಚಿದೆ ಅಂದ್ರ ಮನ್ಯಾಗ ಅವ್ವ ನನ್ನ ಕಿವಿ ಹಿಂಡತಾಳ." ಬರೆದರು, ರುಜು ಹಾಕಿದರು, ಮುದ್ರೆ ಒತ್ತಿದರು. "ದೇವರು ನಿಮ್ಮನ್ನ ಸುಖವಾಗಿ ಮುಟ್ಟಿಸಲಿ. ಆ ಕಣ್ಣಿನ ಹೊಲಿಗಿ ಕಲತು ಬರ್ರಿ, ನಮ್ಮ ಜನಕ್ಕ ಬೇಕಾಗೇದ."

ಕಾಗದ ಕೈಗೆ ಬಂತು. ಹಗುರವಾದ ಒಂದು ಹಾಳೆ. ಅದನ್ನು ಹಿಡಿದು ಪಡಸಾಲೆಗೆ ಬಂದಾಗ ಅಷ್ಟೊತ್ತು ತಡೆದಿದ್ದ ಮಳೆ ಒಮ್ಮೆಗೇ ಕೈಬಿಟ್ಟಿತು. ಸುರಿದ ಸದ್ದಿಗೆ ಏನೂ ಕೇಳಿಸುವಂತಿರಲಿಲ್ಲ. ಮಣ್ಣಿನ ವಾಸನೆ ಎದ್ದಿತು. ಗೋದಾಳ ಎದೆಯೊಳಗೂ ಹಾಗೇ ಏನೋ ಸುರಿಯಿತು: ಹಡಗು, ಕಡಲು, ಬೆಳ್ಳನೆಯ ಆಸ್ಪತ್ರೆ, ಕೂದಲಿಗಿಂತ ಸಣ್ಣ ದಾರ ಪೋಣಿಸಿದ ಸೂಜಿ. ಆಮೇಲೆ ಪಟ್ಟಿ ಬಿಚ್ಚಿದ ಅತ್ಯಾನ ಮುಖ, ನಿಧಾನವಾಗಿ ತನ್ನ ಕಡೆಗೆ ತಿರುಗುವುದು.

ಹಿತ್ತಲಿನಿಂದ ದೇವದಾಸರ ಮಗಳು ಇಂದೂ ಓಡಿಬಂದಳು. ಮಳೆಯಲ್ಲಿ ಕುಣಿದು ತೊಪ್ಪೆಯಾಗಿದ್ದಳು. ಅಜ್ಜಿಯ ಕಣ್ಣು ತೆರೆಸಿದ ಡಾಕ್ಟರಬಾಯಿ ಎಂದು ಅವಳಿಗೆ ಗೋದಾಳ ಮೇಲೆ ಭಾಳ ಪ್ರೀತಿ. "ಡಾಕ್ಟರಬಾಯೀ!" ಎಂದು ಸೊಂಟಕ್ಕೆ ಜೋತುಬಿದ್ದು, ಕಣ್ಣೊಳಗೆ ಇಳಿಯುತ್ತಿದ್ದ ನೀರೊರೆಸಿಕೊಳ್ಳಲು ಗೋದಾಳ ಸೆರಗು ಎಳೆದು ಮುಖಕ್ಕೆ ಒತ್ತಿಕೊಂಡಳು.

"ಬ್ಯಾಡ!"

ಕೂಗಿದ ರಭಸಕ್ಕೆ ಗೋದಾಳೇ ಬೆಚ್ಚಿದಳು. ಸೆರಗನ್ನು ಹಾವು ಮುಟ್ಟಿದಂತೆ ಕಿತ್ತುಕೊಂಡಿದ್ದಳು. ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದು, ತುಟಿ ಅದುರಿಸಿದಳು. "ಸೀರಿ ಹೊಲಸಾತೇನ್ರಿ? ಯಾಕ ಬೈದ್ರಿ?"

"ಇಲ್ಲವ್ವಾ, ಸೀರಿ ಅಲ್ಲ. ಬಾ ಬಾ, ಲಗೂ ಬಾ. ಕಣ್ಣು ತಿಕ್ಕಬ್ಯಾಡ." ಕಾಗದವನ್ನು ಪಡಸಾಲೆಯ ಕಟ್ಟೆಯ ಮೇಲಿಟ್ಟು, ನಳದ ಹತ್ತಿರ ಎಳೆದೊಯ್ದು ಮೊದಲು ತನ್ನ ಕೈಗೆ ಸಬಕಾರ ಹಚ್ಚಿ ತೊಳೆದಳು, ಆಮೇಲೆ ಹುಡುಗಿಯ ಕೈ, ಮುಖ, ರೆಪ್ಪೆಯ ಅಂಚು. "ಉರೀತದ್ರಿ!" "ಉರೀಲಿ, ಬಂಗಾರ. ಇನ್ನೊಮ್ಮೆ."

ತೊಳೆಯುವ ಕೈ ತನ್ನ ಪಾಡಿಗೆ ತೊಳೆಯುತ್ತಿತ್ತು. ಗೋದಾ ಅದನ್ನು ನೋಡುತ್ತ ನಿಂತಳು. ಹಡಗಿನ ಕೋಣೆಯಲ್ಲಿ ಇನ್ನಾರೋ ಹೆಂಗಸರು, ಅವರ ಮಕ್ಕಳು, ಎಲ್ಲರಿಗೂ ಒಂದೇ ನೀರಿನ ಬೋಗುಣಿ. ಎಷ್ಟು ಜನಕ್ಕೆಂದು ಬೇಡ ಎನ್ನುತ್ತ ಹೋಗುವುದು? ಯಾಕೆ ಎಂದು ಕೇಳಿದರೆ ಟಾಂಗಾದ ಧೂಳು ಎನ್ನುವುದೇ? ಅತ್ಯಾನ ಬೆರಳಿನಲ್ಲಿ ಪ್ರೀತಿ ಇತ್ತು, ತಿಳಿವಳಿಕೆ ಇರಲಿಲ್ಲ. ತನಗೆ ತಿಳಿದಿದೆ. ತಿಳಿದೂ ಬೇನೆ ಹಚ್ಚುತ್ತ ಹೊರಟರೆ, ಯಾವ ಕೈಯಿಂದ ನಾಳೆ ಇನ್ನೊಬ್ಬರ ಕಣ್ಣು ಮುಟ್ಟುವುದು? ಮಳೆ ಒಂದೇ ಸಮ ಸುರಿಯುತ್ತಿತ್ತು. "ನೀನೇ ಕೂಗಿಸಿದಿಯೇನು ವಿಠ್ಠಲಾ?" ಎಂದು ಕೇಳಿಕೊಂಡಳು. ಕಾಗದ ಎತ್ತಿಕೊಂಡು ಒಳಗೆ ನಡೆದಳು.

ಒಳಗೆ ದೇವದಾಸರು ಮುಂದಿನ ಕೆಲಸಕ್ಕೆ ಕೈ ಹಾಕಿದ್ದರು. ತಲೆಯೆತ್ತಿ, "ಮಳಿ ನಿಂದರೂತನಕ ಚಹಾ ಕುಡಿಯೂಣೇನ್ರಿ?" ಎಂದರು.

ಗೋದಾ ಹಾಳೆಯನ್ನು ಮೇಜಿನ ಮೇಲಿಟ್ಟು, ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಎಳೆದು ಕೂತಳು. ತನ್ನ ಬೆರಳಿನಿಂದಲೇ ರೆಪ್ಪೆ ಮಗುಚಿ ಹಿಡಿದಳು. ದೇವದಾಸರು ಎದ್ದು ಬಂದು ಬಾಗಿದರು. ಅವರ ಮುಖದ ನಗು ಇಳಿದುಹೋಯಿತು.

"ಅಯ್ಯ ತಾಯೀ... ಯಾವಾಗಿಂದ?"

"ಇದು ವಾಸಿ ಆಗತದ್ರಿ. ಆದರ ಈ ತಿಂಗಳದಾಗ ಆಗೂದಿಲ್ಲ."

"ನಂಬರ್ ಹೋಗತದಲ್ಲ. ಮತ್ತ ಯಾವಾಗ ಬರತದೋ, ಬರೂದೇ ಇಲ್ಲೋ. ಆಸ್ಪತ್ರಿಯವರು ಕಾಯತಾರೇನ್ರಿ?"

"ಕಾಯೂದಿಲ್ಲರಿ. ನಂಬರ್ ಸಾಲಿನಾಗ ಹಿಂದ ನಿಂತವರಿಗೆ ಹೋಗಲಿ. ಅವರ ಮನ್ಯಾಗೂ ಯಾರೋ ಒಬ್ಬ ಅತ್ಯಾ ಕೂತಿರತಾಳ." ಗೋದಾ ಪಡಸಾಲೆಯ ಕಡೆ ತಿರುಗಿದಳು. "ಇಂದೂನ ಕಣ್ಣು ಎರಡು ವಾರ ದಿನಾ ನೋಡ್ರಿ. ನಾ ತೊಳದೇನಿ, ಆದರೂ ನೋಡ್ರಿ."

ದೇವದಾಸರು ಹೂಂ ಎಂದರು. ಹೊರಗೆ ಮಳೆಯ ನೀರು ಪಡಸಾಲೆಯ ಮೆಟ್ಟಿಲಿಳಿದು ಹರಿಯುತ್ತಿತ್ತು, ಇಂದೂ ಅದರಲ್ಲಿ ಮತ್ತೆ ಕಾಲಾಡಿಸುತ್ತಿದ್ದಳು.

ಗೋದಾ ಎದ್ದು ಮತ್ತೊಮ್ಮೆ ಕೈ ತೊಳೆದು ಬಂದಳು. ರುಜುವಿದ್ದ ಹಾಳೆಯ ಮೇಲೆ ಬಿದ್ದ ಒಂದು ಮಳೆಹನಿಯನ್ನು ಮುಂಗೈಯಿಂದ ಒರೆಸಿ, ಮಡಿಸದೆ, ಎರಡೂ ಕೈಯಿಂದ ಅವರ ಕೈಗೆ ಮರಳಿ ಕೊಟ್ಟಳು.