ಕಲ್ಲಮ್ಮ ತೊಳೆದ ಹೆಸರು

ಶಿವನಿಯ ಕಲ್ಲಮ್ಮನಿಗೆ ತಿಳಿಯದ ಬೆಳೆ ಎಂಬುದಿರಲಿಲ್ಲ. ರಾಗಿ, ಹುಚ್ಚೆಳ್ಳು, ತೆಂಗು, ಯಾವುದರ ಬಗ್ಗೆ ಕೇಳಿದರೂ ಕೂತಲ್ಲೇ ಉತ್ತರ ಸಿಗುತ್ತಿತ್ತು, ಕೇಳದಿದ್ದರೂ ಸಿಗುತ್ತಿತ್ತು. ಎಂಬತ್ತೆರಡನೇ ಇಸವಿಯ ದಸರಾ ಮುಗಿದ ಮೇಲೆ ಸೊಸೆ ಭಾಗಮ್ಮ ಚೊಚ್ಚಲ ಹೆರಿಗೆಗೆಂದು ತರೀಕೆರೆಯ ತವರಿಗೆ ಹೊರಟಳು. ಹೊರಡುವ ಮುನ್ನ ಹಿತ್ತಿಲ ಜಗಲಿಯಲ್ಲಿ ತೂಗುಹಾಕಿದ್ದ ಕುಂಡ ತೋರಿಸಿ, "ಅತ್ತೆ, ಇದಕ್ಕೆ ನೀರು ಹೆಂಗೆ ಅಂದ್ರೆ..." ಎನ್ನುತ್ತಿದ್ದಂತೆಯೇ ಕಲ್ಲಮ್ಮ ತಡೆದಳು.

"ನಲವತ್ತು ವರ್ಷದಿಂದ ತೆಂಗಿನ ಸಸಿ ಎಬ್ಬಿಸಿದೀನಿ ಕಣೇ. ಒಂದು ಹೂವಿನ ಗಿಡ ನೋಡ್ಕೊಳ್ಳೋದು ನಂಗೆ ಹೇಳ್ಕೊಡ್ತೀಯಾ? ಸುಮ್ನೆ ಹೊರಡು."

ಭಾಗಮ್ಮ ಬಾಯಿ ಮುಚ್ಚಿದಳು. ಮದುವೆಯಾಗಿ ಬಂದ ಎರಡು ವರ್ಷದಲ್ಲಿ ಅವಳು ಆ ಮನೆಯಲ್ಲಿ ಕಲಿತ ಮುಖ್ಯ ವಿದ್ಯೆ ಅದೇ.

ಅದೊಂದು ಆರ್ಕಿಡ್ ಗಿಡ. ಕೆಮ್ಮಣ್ಣುಗುಂಡಿಯ ಸರ್ಕಾರಿ ತೋಟದಲ್ಲಿ ಮೇಸ್ತ್ರಿಯಾಗಿದ್ದ ಅವಳಪ್ಪ ಈರಭದ್ರಪ್ಪ ಮದುವೆಗೆ ಕೊಟ್ಟಿದ್ದ. ಕೊಟ್ಟ ಮೂರನೇ ತಿಂಗಳಿಗೆ ತೀರಿಕೊಂಡ. ಕುಂಡದಲ್ಲಿ ಮಣ್ಣೇ ಇರಲಿಲ್ಲ, ಬರೀ ಇದ್ದಿಲು, ಇಟ್ಟಿಗೆ ಚೂರು. ಬೀಗರು ಹಿಡಿ ಮಣ್ಣು ಕೊಡುವುದಕ್ಕೂ ಜಿಪುಣತನ ಮಾಡಿದರೆಂದು ಕಲ್ಲಮ್ಮ ಆಗಾಗ ಸೊಸೆಯನ್ನು ಕೆಣಕುತ್ತಿದ್ದಳು. ಆದರೆ ಭಾಗಮ್ಮ ಬೆಳಿಗ್ಗೆ ಎದ್ದವಳು ಮೊದಲು ಹೋಗಿ ನಿಲ್ಲುತ್ತಿದ್ದುದು ಆ ಗಿಡದ ಮುಂದೆ ಎಂಬುದನ್ನೂ ಅವಳು ನೋಡಿದ್ದಳು. ಮಗು ಎತ್ತಿಕೊಂಡು ಸೊಸೆ ಬರುವಷ್ಟರಲ್ಲಿ ಗಿಡ ತುಂಬ ಹೂ ಇರಬೇಕು ಎಂದು ಮುದುಕಿಗೆ ಹಟ. ಪ್ರೀತಿಯನ್ನು ಬಾಯಲ್ಲಿ ಹೇಳುವ ಅಭ್ಯಾಸ ಅವಳಿಗಿರಲಿಲ್ಲ.

ಲಿಂಗಪೂಜೆಯ ನೀರನ್ನು ಯಾರೂ ತುಳಿಯದ ಹಾಗೆ ಗಿಡದ ಬುಡಕ್ಕೆ ಹಾಕುವುದು ಆ ಮನೆಯ ಪದ್ಧತಿ. ಇಷ್ಟು ದಿನ ದಾಸವಾಳಕ್ಕೆ ಹೋಗುತ್ತಿದ್ದ ನೀರು ಈಗ ದಿನವೂ ಆರ್ಕಿಡ್ಡಿಗೆ ಹೋಯಿತು. ದೀಪಾವಳಿ ಬಂತು. ಮನೆಯ ಪಾತ್ರೆ ಪಡಗವನ್ನೆಲ್ಲ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುವಾಗ ಕಲ್ಲಮ್ಮ ಕುಂಡಕ್ಕೆ ಕಟ್ಟಿದ್ದ ಪುಟ್ಟ ಅಲ್ಯೂಮಿನಿಯಂ ತಗಡನ್ನೂ ಬಿಚ್ಚಿ, ಫಳಫಳ ತಿಕ್ಕಿ, ಮತ್ತೆ ಕಟ್ಟಿದಳು. ಅದರ ಮೇಲೆ ಪೆನ್ಸಿಲ್ಲಿನ ಗೀಚುಬರಹವಿತ್ತು. ಓದು ಬಾರದ ಅವಳಿಗೆ ಅದೂ ಕೊಳೆಯಂತೆಯೇ ಕಂಡಿತು.

ಚಳಿ ಹೆಚ್ಚಿದಂತೆ ಗಿಡದ ಎಲೆಗಳು ಹಳದಿಯಾಗಿ ಉದುರತೊಡಗಿದವು. ಕಲ್ಲಮ್ಮನ ಜೀವ ಬಾಯಿಗೆ ಬಂತು. ಪಕ್ಕದ ತೋಟದ ಲಕ್ಕಣ್ಣನನ್ನು ಕೇಳಿದಳು.

"ಹೊಟ್ಟೆಗಿಲ್ದೆ ಸಾಯ್ತಾ ಐತೆ ಕಣಮ್ಮ. ಕುರಿಗೊಬ್ಬರ ಹಾಕು," ಎಂದ ಅವನು. ಹಾಕಿದಳು. ಇನ್ನೂ ನಾಲ್ಕು ಎಲೆ ಉದುರಿದವು.

ಮಗ ಬಸವರಾಜಪ್ಪ ಬೀರೂರು ರೈಲು ನಿಲ್ದಾಣದಲ್ಲಿ ಪಾರ್ಸೆಲ್ ಗುಮಾಸ್ತ. ಅಲ್ಲಿನ ಕ್ವಾರ್ಟರ್ಸಿನಲ್ಲಿ ಕಮಲಾಕ್ಷಮ್ಮ ಎಂಬ ಎಂಜಿನಿಯರ್ ಹೆಂಡತಿ ಆರ್ಕಿಡ್ ಬೆಳೆಸುತ್ತಾಳೆಂದು ಕೇಳಿ ಕಲ್ಲಮ್ಮ ಪ್ಯಾಸೆಂಜರ್ ಹತ್ತಿ ಹೋದಳು. ಆಕೆಯ ಜಗಲಿಯಲ್ಲಿ ನೇರಳೆ ಹೂಗಳು ತೊನೆಯುತ್ತಿದ್ದವು. "ಇದು ಬ್ಯಾಂಕಾಕಿನ ಮಿಶ್ರತಳಿ. ಚಳಿಗಾಲ ಬೇಸಿಗೆ ಅಂತಿಲ್ಲ, ದಿನಾ ನೀರು ಬೇಕೇ ಬೇಕು," ಎಂದಳು ಆಕೆ. ಪಾಪ, ತನ್ನ ಗಿಡದ ಮಟ್ಟಿಗೆ ಆಕೆ ನಿಜವನ್ನೇ ಹೇಳಿದ್ದು. ಕಲ್ಲಮ್ಮ ಮನೆಗೆ ಬಂದು ಎರಡು ಹೊತ್ತು ನೀರು ಸುರಿದಳು. ಉಳಿದ ಎಲೆಯೂ ಹೋಯಿತು. ಒಣಕಡ್ಡಿಗಳು ನಿಂತವು.

ಅಷ್ಟರಲ್ಲಿ ಭಾಗಮ್ಮನಿಗೆ ಹೆಣ್ಣು ಮಗುವಾಯಿತು. ತರೀಕೆರೆಯಲ್ಲಿ ತೊಟ್ಟಿಲ ಶಾಸ್ತ್ರದ ದಿನ ಅವಳು ಜನರ ನಡುವೆಯೇ ಮೆಲ್ಲಗೆ, "ಗಿಡ ಹೆಂಗೈತೆ ಅತ್ತೆ?" ಎಂದು ಕೇಳಿದಳು.

"ಅದಕ್ಕೇನಾಗೈತೆ? ಚೆನ್ನಾಗೈತೆ," ಎಂದುಬಿಟ್ಟಳು ಕಲ್ಲಮ್ಮ. ಅಂದಿನಿಂದ ಅವಳಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ.

ಬೆಂಗಳೂರಿನ ಒಂದು ನರ್ಸರಿಗೆ ಮಗನ ಕೈಯಲ್ಲಿ ಕಾಗದ ಬರೆಸಿದಳು. ಹದಿನೈದು ದಿನಕ್ಕೆ ಉತ್ತರ ಬಂತು. ಬಸವರಾಜಪ್ಪ ಓದಿ ಹೇಳಿದ: "ಆರ್ಕಿಡ್ ಅಂದ್ರೆ ಸಾವಿರಾರು ಜಾತಿಯಂತೆ. ಒಂದಕ್ಕೆ ಬೇಕಾದ್ದು ಇನ್ನೊಂದಕ್ಕೆ ವಿಷವಂತೆ. ಜಾತಿ ಗೊತ್ತಿಲ್ದೆ ಯಾರು ಏನು ಹೇಳಿದ್ರೂ ನಂಬಬೇಡಿ, ಕುಂಡದ ತಗಡಿನ ಮೇಲಿರೋ ಹೆಸರು ಬರೆದು ಕಳ್ಸಿ ಅಂತ ಬರ್ದವ್ರೆ." ಹೋಗಿ ತಗಡು ತಿರುಗಿಸಿ ನೋಡಿದ. "ಅಮ್ಮ, ಇದ್ರಲ್ಲಿ ನನ್ನ ಮುಖ ಕಾಣ್ತೈತೆ. ಹೆಸರು ಕಾಣಲ್ಲ."

ಕಲ್ಲಮ್ಮ ಜಗಲಿಯ ಮೇಲೆ ಕೂತಳು. ಇನ್ನು ಹೆಸರು ಗೊತ್ತಿರುವುದು ಒಬ್ಬಳಿಗೇ. ಅವಳನ್ನು ಕೇಳಬೇಕಾದರೆ ಸುಳ್ಳನ್ನು ಒಪ್ಪಿಕೊಳ್ಳಬೇಕು.

"ನಾನೇ ಕೇಳ್ಕೊಂಡು ಬತ್ತೀನಿ ಬಿಡು," ಎಂದ ಮಗ.

"ಹಾಳು ಮಾಡ್ದೋಳು ನಾನು. ನಾನೇ ಹೋಗ್ತೀನಿ."

ಮರುದಿನ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ತರೀಕೆರೆ ಬಸ್ಸಿನಲ್ಲಿ ಕೂತಳು. ಪಕ್ಕದವಳು, "ಒಣಕಡ್ಡೀನ ಯಾಕಮ್ಮ ಹೊತ್ಕೊಂಡು ಹೋಗ್ತೀಯ?" ಎಂದಾಗ, ಕಲ್ಲಮ್ಮ ಕಡ್ಡಿಗಳಿಗೆ ಸೆರಗು ಮುಚ್ಚಿದಳು.

ಬಾಣಂತಿ ಕೋಣೆಯಲ್ಲಿ ಭಾಗಮ್ಮ ಮಗುವನ್ನು ಮಲಗಿಸುತ್ತಿದ್ದಳು. ಕಲ್ಲಮ್ಮ ಕುಂಡವನ್ನು ಎದುರಿಗಿಟ್ಟು, ಕೂರುವ ಮೊದಲೇ ಹೇಳಿದಳು: "ಅವತ್ತು ಸುಳ್ಳು ಹೇಳ್ದೆ ಕಣೇ ಭಾಗ. ಗಿಡ ಸಾಯ್ತಾ ಐತೆ. ನಾನೇ ಸಾಯ್ಸಿದೆ. ಅದರ ಹೆಸರೇನು ಹೇಳು, ಬೆಂಗಳೂರಿನೋರು ಉಳಿಸ್ತಾರಂತೆ."

ಭಾಗಮ್ಮ ಬಗ್ಗಿ ನೋಡಿದಳು. ನಕ್ಕುಬಿಟ್ಟಳು.

"ಸತ್ತಿಲ್ಲ ಅತ್ತೆ! ಡೆಂಡ್ರೋಬಿಯಂ ನೋಬಿಲೆ ಇದು. ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗ್ತದೆ. ಆಗ ನೀರು ಕೊಡಬಾರ್ದು. ಕೊಟ್ರೆ ಹೂವಿನ ಬದ್ಲು ಮರಿ ಹಾಕ್ತದೆ. ಇಲ್ನೋಡಿ." ಕಡ್ಡಿಯ ಗಿಣ್ಣಿನಲ್ಲಿ ಉಗುರಿನಷ್ಟು ಹಸಿರು, ಅದಕ್ಕೆ ದಾರದಂಥ ಬಿಳಿ ಬೇರು. ಒಂದಲ್ಲ, ಮೂರು. "ಈ ವರ್ಷ ಹೂವಿಲ್ಲ, ಮರಿಗಳೇ."

ಕಲ್ಲಮ್ಮನ ಎದೆಯ ಮೇಲಿನ ಕಲ್ಲು ಇಳಿಯಿತು. ಅಷ್ಟರಲ್ಲಿ ಭಾಗಮ್ಮನ ಕೈ ತಗಡಿಗೆ ತಾಗಿತು. ಈ ಕಡೆ ನೋಡಿದಳು, ಆ ಕಡೆ ನೋಡಿದಳು. ನಗು ನಿಂತಿತು.

"ಇದನ್ನ ತೊಳೆದ್ರಾ ಅತ್ತೆ?"

"ಹೂಂ. ಹಬ್ಬಕ್ಕೆ."

"ಅಪ್ಪನ ಅಕ್ಷರ ಅದು. ನನ್ನ ಹತ್ರ ಇದ್ದಿದ್ದು ಅದೊಂದೇ." ಭಾಗಮ್ಮ ಜೋರಾಗಿ ಅಳಲಿಲ್ಲ. ತಗಡನ್ನು ಹೆಬ್ಬೆರಳಲ್ಲಿ ಸವರುತ್ತ ಕೂತಳು, ಕಣ್ಣೀರು ತಾನಾಗಿ ಇಳಿಯಿತು.

ಗಿಡವೇ ಸತ್ತಿದ್ದರೂ ಕಲ್ಲಮ್ಮನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಗಿಡವಾದರೆ ಇನ್ನೊಂದು ತರಬಹುದಿತ್ತು. "ತಪ್ಪಾಯ್ತು ಕಣಮ್ಮ," ಎಂದಳು. ಆ ಮಾತು ಅವಳ ಬಾಯಿಂದ ಬಂದದ್ದನ್ನು ಕಟ್ಟಿಕೊಂಡ ಗಂಡನೂ ಕೇಳಿರಲಿಲ್ಲ. ಆದರೆ ಅದರಿಂದ ತಗಡಿನ ಮೇಲೆ ಒಂದಕ್ಷರವೂ ಮೂಡಲಿಲ್ಲ.

ಮಗು ಎದ್ದು ಅತ್ತಿತು. ಕಲ್ಲಮ್ಮ ಎತ್ತಿಕೊಂಡು ತಟ್ಟುತ್ತ ಯೋಚಿಸಿದಳು. ಒಂದು ಗಿಡಕ್ಕಾಗಿ ಲಕ್ಕಣ್ಣನಿಂದ ಹಿಡಿದು ಬೆಂಗಳೂರಿನವರೆಗೆ ಕಂಡಕಂಡವರನ್ನು ಕೇಳಿದ್ದಾಯಿತು. ಬಲ್ಲವಳು ಮನೆಯಲ್ಲೇ ಇದ್ದಳು, ಅವಳ ಬಾಯಿ ಮುಚ್ಚಿಸಿದ್ದಾಯಿತು. ಅಪ್ಪ ಸತ್ತ ಹುಡುಗಿ ಎರಡು ವರ್ಷ ಕಣ್ಣೆದುರಿಗೆ ಓಡಾಡಿದಳು. ಆ ಮನುಷ್ಯನ ಬಗ್ಗೆ ಒಂದು ಮಾತು ಕೇಳಿರಲಿಲ್ಲ. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಭಾಗ, ನಿಮ್ಮಪ್ಪ ಹೆಂಗಿದ್ರು? ಹೇಳೇ."

ಭಾಗಮ್ಮ ಮುಖ ಎತ್ತಿದಳು. ಅತ್ತೆ ನಿಜಕ್ಕೂ ಕೇಳುತ್ತಿದ್ದಾಳೋ ಇಲ್ಲವೋ ಎಂದು ಒಂದು ಗಳಿಗೆ ನೋಡಿದಳು. "ಕೊನೇ ಬಸ್ಸು ಹೋಗ್ತದೆ ಅತ್ತೆ," ಎಂದಳು.

"ಹೋಗ್ಲಿ ಬಿಡು."

ಸೆರಗಿನಲ್ಲಿ ಕಣ್ಣೊರೆಸಿಕೊಂಡು ಭಾಗಮ್ಮ ಶುರುಮಾಡಿದಳು. "ಅಪ್ಪ ಗಿಡದ ಜೊತೆ ಮಾತಾಡೋರು. ಮಾತೇನು, ಬಯ್ಯೋರು. ಹೂ ಬಿಡ್ದಿದ್ರೆ ಮಾತು ಬಿಡ್ತೀನಿ ಅಂತ ಹೆದ್ರಿಸೋರು, ಆಮೇಲೆ ರಾತ್ರಿ ಚಳಿಯಾಗ್ತದೇನೋ ಅಂತ ತಾವೇ ಎದ್ದು ಹೋಗಿ ಗೋಣಿ ಹೊದ್ಸೋರು. ಥೇಟ್ ನಿಮ್ಮ ಥರಾನೇ ಅತ್ತೆ."

ಕಲ್ಲಮ್ಮ ಮಗುವನ್ನು ಎದೆಗೊತ್ತಿಕೊಂಡು ಕೇಳುತ್ತ ಕೂತಳು. ನಡುವೆ ಒಂದು ಸಲವೂ ಬಾಯಿ ಹಾಕಲಿಲ್ಲ.