ಮನುಷ್ಯರ ಫೋಲ್ಡರು

ಪ್ರೊಫೆಸರ್ ರಾಜಶೇಖರ್ ಕ್ಯಾಂಪಿನ ಜಗಲಿಯ ಮೇಲೆ ಲ್ಯಾಪ್‌ಟಾಪನ್ನು ಸಿದ್ಧಾರ್ಥನತ್ತ ತಿರುಗಿಸಿದರು. "ನೋಡು, ಹುಣಸೆಮರದ ಕ್ಯಾಮೆರಾ. ಒಂದೇ ತಿಂಗಳಿಗೆ ಮೂರು ಚಿರತೆ. ಜಾಗ ಆರಿಸಿದ್ದು ನೀನು. ಪೇಪರಿನಲ್ಲಿ ನಿನ್ನ ಹೆಸರೂ ಇರುತ್ತೆ."

ಸಿದ್ಧಾರ್ಥ ತಲೆ ಎತ್ತಲಿಲ್ಲ. ಜೀವವಿಕಾಸದ ಬಗ್ಗೆ ಲೋಕವೇ ಓದುವಂತೆ ಬರೆದವರು ಇವರು. ಇವರ ಒಂದು ವರದಿಗೆ ಕಾಡಂಚಿನ ಕಲ್ಲುಗಣಿ ಮುಚ್ಚಿತ್ತು. ಅಂಥವರು ಹತ್ತನೇ ಕ್ಲಾಸು ಫೇಲಾದ ತನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನೋಡುವ ಕಣ್ಣಿಗೆ ಹೆದರಿದ ಪ್ರಾಣಿ ಹೇಗೆ ದಾರಿ ಬದಲಿಸುತ್ತದೆ, ಆ ಹೆದರಿಕೆ ಹೇಗೆ ಮರಿಗಳಿಗೂ ಇಳಿಯುತ್ತದೆ ಎಂದು ಹೇಳಿಕೊಟ್ಟಿದ್ದರು.

ಎದುರು ಸುಳಿದದ್ದರ ಫೋಟೋ ತಾನೇ ತೆಗೆಯುವ ಕ್ಯಾಮೆರಾವನ್ನು ಕಾಲುದಾರಿಗಳು ಕೂಡುವಲ್ಲಿ ಕಟ್ಟಬೇಕು ಎಂದು ಪ್ರೊಫೆಸರ್ ಹೇಳಿದಾಗ ಹುಣಸೆಮರ ತೋರಿಸಿದ್ದು ಅವನೇ. ಆ ದಾರಿ ಸವೆಸಿದ್ದು ಚಿರತೆಯಲ್ಲ, ಅವನ ಬೀದಿಯ ಹೆಂಗಸರು. ಪಂಚಾಯ್ತಿ ಕಟ್ಟಿಸಿದ ಕಕ್ಕಸುಗಳಿಗೆ ನೀರಿಲ್ಲ. ಬೆಳಕು ಹರಿಯುವ ಮೊದಲು ಚೊಂಬು ಹಿಡಿದು ಅಲ್ಲಿಗೇ ಹೋಗಬೇಕು. ಪ್ರೊಫೆಸರ್ ಜೊತೆ ಬಂದಿದ್ದ ಕಾಲೇಜು ಹುಡುಗಿಯರ ಮುಂದೆ ಅದನ್ನು ಹೇಳಲು ನಾಚಿಕೆಯಾಗಿ, ಹೆಂಗಸರು ತಾವೇ ಕಂಡು ಪಕ್ಕಕ್ಕೆ ಸರಿದಾರು ಎಂದುಕೊಂಡು ಕ್ಯಾಮೆರಾದ ಬೆಲ್ಟನ್ನು ಮರಕ್ಕೆ ಬಿಗಿದಿದ್ದ.

ನಿನ್ನೆ ದೊಡ್ಡವ್ವ ದೊಡ್ಡಮಾದಮ್ಮ ಬೀದಿಯ ತುದಿಯಲ್ಲಿ ತಡೆದಿದ್ದಳು.

"ಮರಕ್ಕೆ ಕಣ್ಣ ಕಟ್ದೋನು ನೀನೇಯಂತೆ ಕಣ್ಲಾ. ಚಿರ್ತೆಗೂ ನಮ್ಗೂ ಒಂದೇ ಫೋಟೋನಾ?"

"ಅದು ಪ್ರಾಣಿಗೆ ಕಣ ದೊಡ್ಡವ್ವ."

"ಊಂ, ಪ್ರಾಣಿಗೇಯ. ನಾವೀಗ ಲಾರಿ ರಸ್ತೆ ಕಡೀಕೆ ಓಯ್ತೀವಿ ಬುಡು. ಅಲ್ಲಿ ನೋಡೋನ ಮೊಕನಾದ್ರೂ ಕಾಣ್ತದೆ."

ಇವತ್ತು ಹೇಳದಿದ್ದರೆ ಇನ್ನೆಂದೂ ಬಾಯಿ ಬರುವುದಿಲ್ಲ ಎನ್ನಿಸಿತು.

"ಸರ್, ಆ ಕ್ಯಾಮೆರಾ ಬಿಚ್ಬೇಕು. ಅದು ನಮ್ ಹೆಂಗಸ್ರು ಕೂತ್ಕಳೋ ಜಾಗ. ನಂಗ್ ಗೊತ್ತಿತ್ತು, ಹೇಳ್ಲಿಲ್ಲ."

ಪ್ರೊಫೆಸರ್ ಕನ್ನಡಕ ತೆಗೆದು, ಅಂಗಿಯ ಚುಂಗಿನಲ್ಲಿ ಒರೆಸತೊಡಗಿದರು. "ನಮಗೂ ಗೊತ್ತಿತ್ತು ಸಿದ್ಧಾರ್ಥ. ಮೊದಲ ವಾರದಲ್ಲೇ. ಮನುಷ್ಯರದ್ದೆಲ್ಲ ಬೇರೆ ಫೋಲ್ಡರಿಗೆ ಹಾಕಿಬಿಡ್ತೀವಿ. ಯಾರೂ ತೆರೆಯಲ್ಲ."

"ಎಷ್ಟವೆ ಸರ್?"

"ನಾನೂರು ಚಿಲ್ಲರೆ."

ಮೊದಲ ವಾರದಿಂದ ಇವತ್ತಿನವರೆಗೆ ಎರಡು ಸಲ ಬ್ಯಾಟರಿ ಬದಲಿಸಿದವನು ತಾನೇ.

"ನನ್ ಮುಂದೆನೇ ಅಳಿಸ್ಬುಡಿ ಸರ್" ಎಂದ. ಅವರು ಅಳಿಸತೊಡಗಿದಾಗ ಅವನು ಗೋಡೆಯ ಕಡೆ ಮುಖ ಮಾಡಿ ಕೂತ.

ಸಂಜೆ ಬಿಚ್ಚಿ ತಂದ ಕ್ಯಾಮೆರಾವನ್ನು ದೊಡ್ಡವ್ವನ ಮುಂದೆ ಹಿಡಿದ. ಆಕೆ ಮುಟ್ಟಲಿಲ್ಲ.

"ಇದೊಂದ ಬಿಚ್ದೆ. ಇನ್ ಯಾವ್ ಮರದಲ್ಲಿ ಯಾನದೆಯೋ ನಮ್ಗೆ ಯಾರ್ ಏಳಾರ್ಲಾ? ನೀನಾ?"

ಮರುದಿನ ನಸುಕಿಗೇ ಗುಂಡ್ಲುಪೇಟೆಯ ಬಸ್ಸಿಗೆಂದು ರಸ್ತೆಗೆ ಬಂದ. ರಾತ್ರಿಯೆಲ್ಲ ಮುಚ್ಚಿರುವ ಕಾಡಿನ ಗೇಟು ಆರಕ್ಕೆ ತೆರೆಯುವುದನ್ನು ಕಾಯಲು ಕೇರಳದ ಲಾರಿಗಳು ಒಂದೊಂದಾಗಿ ಬರುತ್ತಿದ್ದವು. ಒಂದು ಲಾರಿಯ ದೀಪದ ಬೆಳಕು ಹುರುಳಿ ಹೊಲದ ಬದುವಿನ ಮೇಲೆ ಹರಿದಾಗ ಏಳೆಂಟು ಹೆಂಗಸರು ಒಟ್ಟಿಗೆ ಎದ್ದು, ಬೆನ್ನು ತಿರುಗಿಸಿ ನಿಂತರು. ಲಾರಿ ದಾಟಿತು. ಕೂತರು. ತಿರುವಿನಲ್ಲಿ ಇನ್ನೊಂದರ ಬೆಳಕು ಕಾಣಿಸಿತು.